ಹೆಣ್ಣಿನ ಕಡೆಯವರು

ಶಂಕರನಾರಾಯಣದಲ್ಲಿ ಬಸ್ಸಿಳಿದ ನನ್ನ ಮೂವರು ವಿದ್ಯಾರ್ಥಿನಿಯರನ್ನು ಕಂಡು ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಜರಿ ಸೀರೆ, ಮುಡಿ ತುಂಬ ಭಟ್ಕಳ ಮಲ್ಲಿಗೆ, ಒಬ್ಬಳ ಕೈಯಲ್ಲಿ ಹಣ್ಣಿನ ಚೀಲ ಬೇರೆ. ಯೂನಿಫಾರ್ಮ್ ಬೇಡ, ಮನೆ ಬಟ್ಟೆಯಲ್ಲೇ ಬನ್ನಿ ಎಂದಿದ್ದೆ. ಯಾವ ಮನೆಯಲ್ಲಿ ಇವರು ಜರಿ ಸೀರೆ ಉಟ್ಟು ಪಾತ್ರೆ ತಿಕ್ಕುತ್ತಾರೋ ದೇವರೇ ಬಲ್ಲ.

ನರ್ಸಿಂಗ್ ಕಾಲೇಜಿನಲ್ಲಿ ಮಾನಸಿಕ ಕಾಯಿಲೆಯವರ ಆರೈಕೆ ಕಲಿಸುವುದು ನನ್ನ ಕೆಲಸ. ಅವತ್ತು ಹೊರಟದ್ದು ಒಬ್ಬ ಅಡುಗೆಯವನ ಮನೆಗೆ. ಅವನು ಮುಂಬಯಿಯ ಹೋಟೆಲಿನಲ್ಲಿದ್ದಾಗ ಕಿವಿಯಲ್ಲಿ ಯಾರಾರೋ ಬೈಯಲು ಶುರುಮಾಡಿ, ಊರಿಗೆ ಕರೆತಂದಿದ್ದರು. ತಿಂಗಳಿಗೊಂದು ಇಂಜೆಕ್ಷನ್ ತೆಗೆದುಕೊಂಡು ಚೆನ್ನಾಗಿಯೇ ಇದ್ದ, ತ್ರಾಸಿಯ ಹೋಟೆಲೊಂದರಲ್ಲಿ ಕೆಲಸಕ್ಕೂ ಸೇರಿದ್ದ. ಈಚೆಗೆ ಆಸ್ಪತ್ರೆಗೆ ಬರುವುದನ್ನೇ ನಿಲ್ಲಿಸಿದ್ದ. ಇನ್ನೂ ತಡವಾದರೆ ವಾರ್ಡಿಗೆ ಸೇರಿಸಬೇಕಾದೀತು ಎಂದು ಡಾಕ್ಟರು ಔಷಧಿ ಕೊಟ್ಟು ನಮ್ಮನ್ನು ಕಳಿಸಿದ್ದರು. ಫೋನು ಮಾಡಿದಾಗ ಅವನ ಅಮ್ಮ ಪಿಸುಗುಟ್ಟಿದ್ದರು: "ಬನ್ನಿ, ಆರೆ ಬಿಳಿ ಬಟ್ಟಿ ಬ್ಯಾಡ. ಆಚಿಮನಿಯರಿಗ್ ಗೊತ್ತಾರೆ ನಮ್ ಮಾಣಿಗ್ ಹೆಣ್ಣ್ ಸಿಕ್ಕುದಿಲ್ಲೆ."

ಆಚೆಮನೆಯಾಕೆ ಅಂಗಳದಲ್ಲೇ ಇದ್ದರು. "ಹ್ವಾಯ್, ಯಾರ್ ಮನಿಗೆ?" ಎಂದು ಕೂಗಿದರು. ನಾನು ಪಕ್ಕದ ಮನೆಯತ್ತ ಕೈ ತೋರಿಸಿದೆ. ಅವರ ಕಣ್ಣು ಸೀರೆಯ ಮೇಲೆ, ಮಲ್ಲಿಗೆಯ ಮೇಲೆ, ಹಣ್ಣಿನ ಚೀಲದ ಮೇಲೆ ಹರಿದಾಡಿ ಮುಖ ಅರಳಿತು. ನಮ್ಮ ಕಡೆ ಸಂಬಂಧ ಕುದುರುವ ಮೊದಲು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವುದುಂಟು. "ಮನಿ ಕಾಂಬುಕ್ ಬಂದದ್ದಾ!" ಎಂದವರೇ ಉತ್ತರಕ್ಕೂ ಕಾಯದೆ ನಮಗಿಂತ ಮುಂದೆ ನಡೆದರು.

ಹುಡುಗನ ಅಮ್ಮ ನಮ್ಮ ಜೊತೆ ಆಚೆಮನೆಯಾಕೆಯನ್ನು ಕಂಡು ಬೆಚ್ಚಿದರು. ಆದರೆ "ಹೆಣ್ಣಿನ ಕಡಿಯರ್" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಚಾ ಇಡಲು ಒಳಗೋಡಿದರು. ನನಗೋ ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ರೋಗಿಯ ಗುಟ್ಟು ಕಾಯಬೇಕು ಎಂದು ಕ್ಲಾಸಿನಲ್ಲಿ ಗಂಟಲು ಹರಿದುಕೊಳ್ಳುವವಳೇ ನಾನು. ಆಚೆಮನೆಯಾಕೆ ಜಗಲಿಯ ಕಂಬಕ್ಕೊರಗಿ ಭದ್ರವಾಗಿ ಕುಳಿತುಬಿಟ್ಟರು. ಅವರೆದುರು ಸಿರಿಂಜು ತೆಗೆಯುವುದು ಹೇಗೆ?

"ಹೆಣ್ಣ್ ಇವ್ಳಾ?" ಎಂದು ಹಣ್ಣಿನ ಚೀಲದವಳನ್ನು ಅವರೇ ಆರಿಸಿದರು. ಆ ಕಿಡಿಗೇಡಿ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಅದೂ ಸಾಲದೆಂದು, "ಹುಡ್ಗನ್ ಆರೋಗ್ಯ ಎಲ್ಲ ಹ್ಯಾಂಗಿತ್ತ್?" ಎಂದು ಮೆಲ್ಲಗೆ ಕೇಳಿದಳು. ಮನೆಗೆ ಹೋದಾಗ ಮೊದಲು ಕೇಳಬೇಕಾದ ಪ್ರಶ್ನೆ ಎಂದು ನಾನೇ ಕಲಿಸಿದ್ದು. ನಗು ತಡೆಯಲಾರದೆ ನಾನು ಮಾಡಿನ ಹೆಂಚು ನೋಡತೊಡಗಿದೆ.

"ಅವ್ನಿಗಾ? ಒಂದ್ ಶೀತ ಸೈತ ಆದ್ದ್ ನಾ ಕಂಡದ್ದಿಲ್ಲೆ," ಎಂದರು ಆಚೆಮನೆಯಾಕೆ, ರೆಪ್ಪೆ ಬಡಿಯದೆ. "ಚಿನ್ನದಂತ ಮಾಣಿ. ಮುಂಬಯ್ ನೀರ್ ಹಿಡಿಲಿಲ್ಲೆ, ಅಷ್ಟೇ."

ಅಷ್ಟರಲ್ಲಿ ಚಾದ ತಟ್ಟೆ ಹಿಡಿದು ಹುಡುಗನೇ ಬಂದ. ಕಣ್ಣು ಕೆಂಪಾಗಿತ್ತು. ಯಾರೋ ಕರೆದಂತೆ ಒಮ್ಮೆ ಹಿಂದಕ್ಕೆ ತಿರುಗಿದ. ಬೈಯುವ ದನಿಗಳು ಮತ್ತೆ ಶುರುವಾಗಿವೆ ಎಂದುಕೊಂಡೆ. ಹುಡುಗಿಯರ ನಗುವೂ ಅಲ್ಲಿಗೇ ನಿಂತಿತು.

ತಟ್ಟೆ ಕೆಳಗಿಟ್ಟು ಅವನು ನೇರ "ಹೆಣ್ಣಿ"ಗೇ ಹೇಳಿದ: "ನಂಗ್ ಕಿವಿಯಲ್ ಯಾರೋ ಬೈದಂಗ್ ಆತ್ತ್. ಇಂಜೆಕ್ಷನ್ ತಕಂಡ್ರೆ ಸಮ ಇರ್ತೆ. ಮದ್ವಿ ಆಪಲ್ಲಿವರೆಗೆ ಆಸ್ಪತ್ರಿಗ್ ಹೋಪುದ್ ಬ್ಯಾಡ ಅಂದ್ರ್ ಅಮ್ಮ. ಇದೆಲ್ಲ ಕೇಂಡೇ ನೀವ್ ಹೂಂ ಅನ್ನಿ."

ಇಷ್ಟು ನೇರವಾಗಿ ಮಾತಾಡಿದ ಗಂಡನ್ನು ನಾನು ಬೇರೆ ಕಂಡಿಲ್ಲ. ನಮ್ಮ ಹುಡುಗಿ ಕಿವಿಯವರೆಗೆ ಕೆಂಪಾಗಿ ಎದ್ದು ನಿಂತಳು.

"ತಪ್ಪಾಯ್ತ್ ಅಣ್ಣ. ನಾ ಹೆಣ್ಣಲ್ಲ, ನರ್ಸ್. ನಿಮಗ್ ಇಂಜೆಕ್ಷನ್ ಕೊಡುಕೇ ಬಂದದ್ದ್."

ಅವನು ಅವಳನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ. "ಹಾಂಗಾರೆ ಅದನ್ನಾರೂ ಕೊಡಿ," ಎಂದು ಅಂಗಿಯ ತೋಳು ಮಡಚಿ ಕುಳಿತ.

ಒಳಗಿನಿಂದ ಅಮ್ಮ ಓಡಿ ಬಂದು ಅಡ್ಡ ನಿಂತರು. "ಬ್ಯಾಡ! ಎಲ್ಲರೆದ್ರಿಗ್ ಎಂತ ಇದ್?"

"ಎಲ್ಲರೆದ್ರಿಗ್ ಅಂದ್ರೆ ಯಾರ್? ನನ್ನೆದ್ರಿಗಾ?" ಆಚೆಮನೆಯಾಕೆ ಕೂತಲ್ಲಿಂದ ಅಲುಗಲಿಲ್ಲ. "ಅವ್ನ್ ಊರಿಗ್ ಬಂದಾಗ್ಳೇ ನಂಗ್ ಗೊತ್ತಾಯ್ತ್."

"ಮತ್ತೆ ಶೀತ ಸೈತ ಇಲ್ಲೆ ಅಂದ್ರಿ?" ನಾನು ಕೇಳಿಯೇಬಿಟ್ಟೆ.

"ಹೆಣ್ಣಿನ ಕಡಿಯರ್ ಕೇಂಡ್ರೆ ಮತ್ತೆಂತ ಹೇಳುದ್?"

ಅಮ್ಮ ಆಕೆಯತ್ತ ತಿರುಗಿದರು. "ಗೊತ್ತಿದ್ದೂ ನಂಗೆ ಒಂದ್ ಮಾತ್ ಹೇಳ್ಲಿಲ್ಲೆ ನೀವ್."

"ನೀನೇ ಮುಚ್ಚಿಟ್ಕಂಡ್ರೆ ನಾ ಕೇಂಬುದ್ ಹ್ಯಾಂಗೆ ಮಾರಾಯ್ತಿ? ನೀ ಒಬ್ಳೇ ಬಿಕ್ಕಿ ಬಿಕ್ಕಿ ಮರ್ಕುದ್ ಕೇಂತಿತ್ತ್. ನಾ ಬಪ್ಪ ಅಂದ್ರೆ ನೀ ಬಾಗ್ಲ್ ಹಾಯ್ಕಂತಿದ್ದೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಮಗನ ತೋಳನ್ನು ತಾವೇ ಹಿಡಿದು, ನಮ್ಮ ಹುಡುಗಿಗೆ "ಕೊಡಿ" ಎಂದರು.