ಪಂಪಣ್ಣ ಹುಳ ಸಾಕಿದ್ದು

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದು ಬ್ಯಾಂಕಿನವರಿಗೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಬೀದಿಗೆಲ್ಲ ಅವನು ಪಂಪಣ್ಣ. ಮೀಸೆ ಚಿಗುರಿದ ದಿನದಿಂದ ಬೆನ್ನಿಗೆ ಹುಳ ಕೊಲ್ಲುವ ಔಷಧಿಯ ಪಂಪು ಕಟ್ಟಿಕೊಂಡು ಅವರಿವರ ತೋಟ ಸುತ್ತಿದವನು. ಎಲೆ ಮುದುರಿದರೂ ಅವನನ್ನೇ ಕರೆಯುತ್ತಿದ್ದರು, ಹೂವು ಉದುರಿದರೂ ಅವನನ್ನೇ ಕರೆಯುತ್ತಿದ್ದರು. "ನನ್ನಷ್ಟು ಜೀವ ಯಮನೂ ತೆಗೆದಿಲ್ಲ, ಆದ್ರೆ ಅವನಿಗಿರೋ ಮರ್ಯಾದೆ ನನಗಿಲ್ಲ" ಎಂದು ತನ್ನನ್ನು ತಾನೇ ಆಡಿಕೊಳ್ಳುವುದು ಅವನ ಅಭ್ಯಾಸ.

ಅಂಥವನ ಹೆಂಡತಿಗೆ ಉಸಿರು ಕಟ್ಟತೊಡಗಿತು. ಮನೆಯ ಹಿಂದೆ ಪ್ಲಾಸ್ಟಿಕ್ ಚಾವಣಿ, ಬಲೆಯ ಪರದೆ ಹಾಕಿ ಕಟ್ಟಿದ ಪಾಲಿಹೌಸು ಹೆಸರಿಗೆ ಇಬ್ಬರದು, ನಿಜವಾಗಿ ಅವಳದು. ದೊಣ್ಣೆ ಮೆಣಸಿನ ಸಸಿ ನೆಡುವುದು, ದಾರಕ್ಕೆ ಸುತ್ತಿ ಮೇಲೆ ಹತ್ತಿಸುವುದು, ಬೇಡದ ಚಿಗುರು ಚಿವುಟುವುದು, ಎಲ್ಲ ಅವಳ ಕೈಯದೇ. ಇವನದು ವಾರಕ್ಕೊಮ್ಮೆ ಔಷಧಿ ಹೊಡೆದು ಮೀಸೆ ತಿರುವುವ ಕೆಲಸ. ಡಾಕ್ಟರು ಅವಳ ಬೆನ್ನ ಮೇಲೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿ, ಇವನ ಕಡೆ ತಿರುಗಿದರು.

"ಒಳಗೆ ನಿಮ್ಮ ಔಷಧಿ ಇರ್ಬೇಕು, ಇಲ್ಲಾ ಇವ್ರು ಇರ್ಬೇಕು. ಎರಡೂ ಆಗಲ್ಲ. ಒಂದು ಬೆಳೆ ಪೂರ್ತಿ ಔಷಧಿ ಮುಟ್ಟದೆ ಬರಲಿ, ಆಮೇಲೆ ಕಳ್ಸಿ."

ಅಂದಿನಿಂದ ಅವಳ ಜಾಗ ಅಡುಗೆಮನೆಯ ಕಿಟಕಿ. ಪರದೆಯಾಚೆ ಗಂಡ ಚಿವುಟಬಾರದ ಚಿಗುರನ್ನೇ ಚಿವುಟುವುದು ಕಂಡು "ಅಯ್ಯೋ, ಅದಲ್ಲಾ ರೀ!" ಎಂದು ಕೂಗುವಳು. ಅಷ್ಟಕ್ಕೇ ಏದುಸಿರು ಬಂದು, ಬೈಗುಳದ ಉಳಿದರ್ಧ ಗಂಟಲಲ್ಲೇ ಉಳಿಯುತ್ತಿತ್ತು. ಬರಬರುತ್ತಾ ಕೂಗುವುದನ್ನೂ ಬಿಟ್ಟಳು. ಮದುವೆಯಾದಾಗಿನಿಂದ ಬೈಸಿಕೊಂಡೇ ಬದುಕಿದವನಿಗೆ ಈ ಮೌನ ತಡೆಯಲಾಗಲಿಲ್ಲ. ಅವಳು ಮತ್ತೆ ಒಳಗೆ ಬರಬೇಕು, ಅದಕ್ಕೆ ಏನು ಬೇಕಾದರೂ ಆಗಲಿ ಎಂದುಕೊಂಡ.

ಹಾಗೆ ಅವನು ಹುಳ ಕೊಳ್ಳಲು ಹೊರಟದ್ದು. ಗಿಡದ ರಸ ಹೀರುವ ಹೇನನ್ನು ಹಿಡಿದು ತಿನ್ನುವ ಗುಲಗಂಜಿ ಹುಳುವನ್ನು ಸಾಕಿ ಮಾರುವ ಕಂಪನಿಯೊಂದಿತ್ತು. ಫೋನು ಎತ್ತಿದ ಹುಡುಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಸಂಜೆ ತಂಪು ಹೊತ್ತಲ್ಲಿ ಬಿಡಬೇಕು, ಎಲೆಗೆ ನೀರು ಚಿಮುಕಿಸಿರಬೇಕು, ಪರದೆಯಲ್ಲಿ ತೂತಿರಬಾರದು.

"ಮತ್ತೆ ಅಣ್ಣಾ, ಮೊಟ್ಟೆ ಇಟ್ಟ ಮೇಲೆ ಅವುಗಳ..."

"ನನಗೇ ಹೇಳಿಕೊಡ್ತೀಯೇನಮ್ಮ? ನಿನ್ನ ವಯಸ್ಸಿಗಿಂತ ಜಾಸ್ತಿ ವರ್ಷ ನಾನು ಹುಳಗಳ ಜೊತೆ ಕಳೆದಿದೀನಿ" ಎಂದು ಫೋನಿಟ್ಟ. ಕಳೆದದ್ದು ನಿಜವೇ, ಆದರೆ ಯಾವ ಹುಳವೂ ಅವನ ಜೊತೆ ಅರ್ಧ ಗಂಟೆಗಿಂತ ಹೆಚ್ಚು ಕಳೆದಿರಲಿಲ್ಲ.

ಡಬ್ಬ ಬಂತು. ಸಂಜೆಯವರೆಗೆ ತಣ್ಣಗಿರಲಿ ಎಂದು ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟ.

"ರೀ, ಹಾಲಿನ ಪಕ್ಕ ಹುಳ ಇಟ್ಟಿದೀರಲ್ಲ, ತಲೆ ನೆಟ್ಟಗಿದ್ಯಾ?"

"ನಮ್ಮನೆಗೆ ಬಂದಿರೋ ನೆಂಟ್ರು ಕಣೇ. ನಿನ್ನ ತಮ್ಮನಿಗಿಂತ ಕಡಿಮೆ ತಿಂತವೆ."

ಪಕ್ಕದ ಮನೆಯ ದರ್ಜಿ ಗೋಡೆಯಾಚೆಯಿಂದ ಇಣುಕಿದ. "ಏನು ಪಂಪಣ್ಣ, ಕಟುಕ ಕುರಿ ಸಾಕೋಕೆ ಶುರು ಮಾಡಿದ ಹಾಗಾಯ್ತಲ್ಲ!"

"ಹೂಂ ಮಾರಾಯ, ಕುರಿಗಳಿಗೆ ಇನ್ನೂ ವಿಷಯ ಗೊತ್ತಿಲ್ಲ. ಮೆಲ್ಲಗೆ ಮಾತಾಡು" ಎಂದ ಪಂಪಣ್ಣ.

ಹುಳ ಬಿಟ್ಟದ್ದಾಯಿತು. ಕೆಂಪು ಬೆನ್ನಿಗೆ ಕರಿ ಚುಕ್ಕೆ ಹೊತ್ತ ಆ ಪುಟಾಣಿಗಳು ಎಲೆಯಿಂದ ಎಲೆಗೆ ಓಡಾಡುವುದನ್ನು ನೋಡಿ ಅವನಿಗೆ ಮುದ್ದೇ ಬಂತು. ಹೇನು ಒಂದಿಷ್ಟು ಇಳಿಯಿತು ಕೂಡ. ಆದರೆ ಕೆಲವು ದಿನ ಕಳೆಯುವಷ್ಟರಲ್ಲಿ ಎಲೆಗಳ ಮೇಲೆ ಇನ್ನೊಂದು ಜಾತಿ ಕಾಣಿಸಿತು. ಕಪ್ಪಗೆ ಉದ್ದಕ್ಕೆ, ಮೈತುಂಬ ಮುಳ್ಳು, ಅಲ್ಲಲ್ಲಿ ಕಿತ್ತಳೆ ಬಣ್ಣದ ಮಚ್ಚೆ. ನೋಡಿದರೆ ವಾಕರಿಕೆ. ಇಷ್ಟು ವರ್ಷದ ಕಸುಬಿನಲ್ಲಿ ಇಂಥ ಕೇಡಿಗನನ್ನು ಜೀವಂತ ಕಂಡ ನೆನಪಿರಲಿಲ್ಲ ಅವನಿಗೆ.

ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ಔಷಧಿ ಹೊಡೆಯುವಂತಿಲ್ಲ, ಹೆಬ್ಬೆರಳಿಗೇನು ಬಂತು? ಸಾಲುಸಾಲಾಗಿ ನಡೆದು, ಎಲೆ ತಿರುವಿ ತಿರುವಿ, ಕಂಡ ಕಂಡದ್ದನ್ನೆಲ್ಲ ಹೊಸಕಿದ. ಬೆರಳು ಹಳದಿಯಾಯಿತು. ಸುಸ್ತಾಗಿ ಕಿಟಕಿಯ ಹತ್ತಿರ ಬಂದು ಎದೆ ಉಬ್ಬಿಸಿ ಹೇಳಿದ: "ನಿನ್ನ ಮೆಣಸಿನ ಗಿಡ ಉಳಿಸಿದೆ ಕಣೇ!" ಆಮೇಲೆ ಉಳಿಸಿಕೊಂಡಿದ್ದ ಒಂದರ ಫೋಟೋ ತೆಗೆದು ಕಂಪನಿಗೆ ಕಳಿಸಿ, ಫೋನು ಹಚ್ಚಿ ತರಾಟೆಗೆ ತೆಗೆದುಕೊಂಡ.

"ಏನಮ್ಮಾ, ಒಳ್ಳೇ ಹುಳದ ಡಬ್ಬಕ್ಕೆ ಈ ದರಿದ್ರಾನೂ ಸೇರಿಸಿ ಕಳ್ಸಿದೀರಲ್ಲ?"

ಹುಡುಗಿ ಫೋಟೋ ತೆರೆದು ನೋಡಿದಳು. "ಅಣ್ಣಾ, ಅದು ಗುಲಗಂಜಿ ಹುಳುವಿಂದೇ ಮರಿ."

"ಈ ಮುಖಕ್ಕೆ ಆ ತಾಯಾ?"

"ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ ಅಣ್ಣಾ. ದೊಡ್ಡ ಹುಳಗಳಿಗಿಂತ ಈ ಮರಿಗಳೇ ಜಾಸ್ತಿ ಹೇನು ತಿನ್ನೋದು. ಅವತ್ತು ಅದನ್ನೇ ಹೇಳೋಕೆ ಹೊರಟಿದ್ದೆ, ನೀವು ಫೋನಿಟ್ಟುಬಿಟ್ರಿ. ಎಷ್ಟಿವೆ ಈಗ?"

ಪಂಪಣ್ಣ ತನ್ನ ಹೆಬ್ಬೆರಳು ನೋಡಿಕೊಂಡ. "ಇದ್ವು" ಎಂದ.

ಇನ್ನೊಂದು ಡಬ್ಬ ಬರಲು ವಾರಗಳೇ ಬೇಕಿತ್ತು. ಹೇನು ಅಷ್ಟು ದಿನ ಕಾಯುವ ಜಾತಿಯಲ್ಲ. ನಾಲ್ಕು ದಿನದಲ್ಲಿ ಚಿಗುರೆಲ್ಲ ಅಂಟಂಟಾಗಿ ಮುದುರಿತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಕೇಳಿದ್ದ ಪಂಪಣ್ಣ, ಆ ಬೇಲಿ ತಾನೇ ಆಗುತ್ತೇನೆಂದು ಅಂದುಕೊಂಡಿರಲಿಲ್ಲ. ಹೋಗಿ ಹೆಂಡತಿಯ ಮುಂದೆ ನಿಂತು ಎಲ್ಲ ಹೇಳಿದ. ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ.

"ಔಷಧಿ ಹೊಡೆದುಬಿಡಿ. ಬೆಳೆಯಾದ್ರೂ ಉಳೀಲಿ. ನನಗೇನು, ಕಿಟಕಿ ಇದೆಯಲ್ಲ" ಎಂದು ಮುಖ ತಿರುಗಿಸಿಕೊಂಡಳು.

ಪಂಪಣ್ಣ ಬೇರೆ ದಾರಿ ಕಾಣದೆ ಪಂಪು ತೊಳೆದ. ಎಷ್ಟು ಔಷಧಿ ಕಲೆಸಬೇಕೆಂದು ತಿಳಿಯಲು ಹೇನು ಎಲ್ಲಿಯವರೆಗೆ ಇಳಿದಿದೆ ನೋಡಬೇಕಿತ್ತು. ಮಂಡಿ ನೋವಿನಿಂದಾಗಿ ಸೊಂಟದ ಕೆಳಗಿನ ಎಲೆಗಳ ತಂಟೆಗೆ ಅವನು ಹೋಗಿದ್ದೇ ಇಲ್ಲ. ಈಗ "ಅಮ್ಮಾ" ಎನ್ನುತ್ತಾ ಹೇಗೋ ಕುಕ್ಕರಗಾಲಲ್ಲಿ ಕೂತು, ಕೆಳಗಿನ ಎಲೆಯೊಂದನ್ನು ಎತ್ತಿದ.

ಅಲ್ಲಿದ್ದವು. ಒಂದಲ್ಲ, ಮನೆಮಂದಿಯೆಲ್ಲ. ಅದೇ ಕಪ್ಪು ಮೈ, ಅದೇ ಮುಳ್ಳು. ಹೇನುಗಳನ್ನು ಹಿಡಿದು ಕಚಕಚ ಮೇಯುತ್ತಿದ್ದವು. ಪಕ್ಕದ ಗಿಡದಲ್ಲೂ ಇದ್ದವು, ಅದರ ಪಕ್ಕದಲ್ಲೂ ಇದ್ದವು. ಪಂಪಣ್ಣ ಅಲ್ಲೇ ನೆಲಕ್ಕೆ ಕುಸಿದು ಬಿದ್ದುಬಿದ್ದು ನಕ್ಕ. ಅವನ ಬುದ್ಧಿವಂತಿಕೆ ಕೊಂದದ್ದನ್ನು ಅವನ ಸೋಮಾರಿತನ ಕಾಪಾಡಿತ್ತು! ಪಂಪನ್ನು ಹಾಗೇ ಗುಜರಿಯವನಿಗೆ ಹಾಕಿ ಬಂದ.

ಆಮೇಲಿನ ದಿನಗಳಲ್ಲಿ ಅವನು ಪಾಲಿಹೌಸಿನೊಳಗೆ ಕೈ ಕಟ್ಟಿಕೊಂಡೇ ಓಡಾಡಿದ. ಮರಿಗಳು ಕೆಳಗಿನಿಂದ ಮೇಲಕ್ಕೆ ಮೇಯುತ್ತಾ ಬಂದವು. ಹೇನು ಅಲ್ಲೊಂದು ಇಲ್ಲೊಂದಕ್ಕೆ ಇಳಿಯಿತು, ಚಿಗುರು ನೆಟ್ಟಗಾಯಿತು, ಕಾಯಿ ಕಟ್ಟಿತು. ಕೊನೆಯ ಕೊಯ್ಲಿನವರೆಗೂ ಒಂದು ಹನಿ ಔಷಧಿ ಬೀಳಲಿಲ್ಲ. ಡಾಕ್ಟರು ಇನ್ನೊಮ್ಮೆ ಎದೆ ನೋಡಿ "ಹೋಗ್ಬನ್ನಿ, ನೋಡೋಣ" ಎಂದರು.

ಕೊಯ್ಲು ಮುಗಿದರೂ ಗಿಡಗಳನ್ನು ಇನ್ನೂ ಕಿತ್ತಿರಲಿಲ್ಲ. ಅವಳು ಒಳಗೆ ಕಾಲಿಟ್ಟಳು. ಪಂಪಣ್ಣ ಮುಂದೆ ಮುಂದೆ ನಡೆದು, ಸ್ವಂತ ಮಕ್ಕಳನ್ನು ತೋರಿಸುವವನ ಹಾಗೆ ಹೊಸ ತಲೆಮಾರಿನ ಮರಿಗಳನ್ನು ತೋರಿಸುತ್ತಾ ಹೋದ. ಅಷ್ಟರಲ್ಲಿ ತೋಳಿನ ಮೇಲೇನೋ ಹರಿದಾಡಿತು. ಹೆಬ್ಬೆರಳು ತಾನಾಗಿ ಎದ್ದಿತು. ಅವಳು ಪಟ್ಟನೆ ಆ ಕೈಗೆ ಒಂದು ಕೊಟ್ಟಳು.

"ನಡೀರಿ ಹೊರಗೆ! ಇದರೊಳಗೆ ಈಗ ಉಳಿದಿರೋ ವಿಷ ಅಂದ್ರೆ ನೀವೊಬ್ರೇ."

ಪಂಪಣ್ಣ ಹೊರಗೆ ಬಂದು ಪರದೆಗೆ ಕಿವಿ ಹಚ್ಚಿ ನಿಂತ. ಒಳಗೆ ಅವಳು ಸಾಲು ಹಿಡಿದು ಹೊರಟಿದ್ದಳು. "ಇದೇನ್ರೀ ಇದು, ಕವಲನ್ನೇ ಮುರಿದಿದೀರಾ, ದಾರ ಉಲ್ಟಾ ಸುತ್ತಿದೀರಾ, ಇಲ್ಲಿ ನೋಡಿದ್ರೆ ಎರಡು ಗಿಡ ಸೇರಿಸಿ ಕಟ್ಟಿದೀರಾ, ಕಣ್ಣೆಲ್ಲಿಟ್ಟಿದ್ರಿ, ಅಯ್ಯಯ್ಯೋ ಈ ಗಿಡದ ನೆತ್ತೀನೇ ಚಿವುಟಿದೀರಲ್ರೀ..." ಸಾಲಿನ ಆ ತುದಿ ಮುಟ್ಟಿದಳು, ಈ ತುದಿಗೆ ತಿರುಗಿದಳು. ಬೈಗುಳ ಎಲ್ಲೂ ತುಂಡಾಗಲಿಲ್ಲ, ಉಸಿರಿಗೆಂದು ಒಂದು ಕಡೆಯೂ ನಿಲ್ಲಲಿಲ್ಲ.

ಪಂಪಣ್ಣ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಇನ್ನೂ ಏನಾದ್ರೂ ತಪ್ಪು ಮಾಡಿದೀನೇನೇ?" ಎಂದು ಕೂಗಿ ಕೇಳಿದ.

"ಒಂದಾ ಎರಡಾ!" ಎಂದು ಅವಳು ಮುಂದಿನ ಸಾಲಿಗೆ ಹೊರಟಳು.