‘ಆಸರಿಗೆ’ ಎಂಬ ವೈಫೈ

ಹೊಳೆಗೆ ಸೇತುವೆ ಆಗುವ ಮೊದಲಿನ ಮಾತು. ತುಮರಿಗೆ ಹೋಗಲು ನಾನೂ ನನ್ನ ತಂಗಿಯೂ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಿದ್ದೆವು. ಅವಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಸಂಜೆಯೊಳಗೆ ಆನ್‌ಲೈನಿನಲ್ಲಿ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಅದು ಬೇರೆಯವರ ಪಾಲು. ಸಾಗರದಲ್ಲೇ ಮುಗಿಸು ಎಂದು ಬಡಕೊಂಡಿದ್ದೆ. ಕೇಳಿದರೆ ತಾನೆ. ಹೊಳೆ ದಡದಲ್ಲಿ ನೆಟ್‌ವರ್ಕಿನ ಒಂದು ಕಡ್ಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

“ಅಕ್ಕ, ವೈಫೈ ಸಿಕ್ತು” ಎಂದಳು.

ನೋಡಿದೆ. ಹೆಸರು ‘ಆಸರಿಗೆ’. ಮನೆಗೆ ಬಂದವರನ್ನು ನಾವು ಮೊದಲು ಕೇಳುವುದೇ ಅದು, ಆಸರಿಗೆ ಎಂತ ಬೇಕು, ಬಾಯಾರಿಕೆಗೆ ಏನು ಕೊಡಲಿ ಎಂದು. ಯಾರು ಬೇಕಾದರೂ ಸೇರಬಹುದಾದ ವೈಫೈ. ಸೇರಿದ ಕೂಡಲೇ ಇಮೇಲನ್ನೂ ಅದರ ಪಾಸ್‌ವರ್ಡನ್ನೂ ಕೇಳಿತಂತೆ. ಇವಳು ಎರಡನ್ನೂ ಕೊಟ್ಟಾಗಿತ್ತು.

“ವೈಫೈಗೆ ನಿನ್ನ ಇಮೇಲಿನ ಪಾಸ್‌ವರ್ಡ್ ಎಂತಕ್ಕೆ? ತಲೆ ಇದ್ದಾ ಇಲ್ಯಾ?”

“ಹೆಸ್ರು ನೋಡು. ನಮ್ಮ ಕಡೆಯವ್ವೇ ಹಾಕಿದ್ದು.”

“ಸೀಟಿನದ್ದಕ್ಕೂ ಅದೇ ಪಾಸ್‌ವರ್ಡಾ?”

ಹೌದೆಂದು ತಲೆಯಾಡಿಸಿದಳು. ಯಾರಾದರೂ ಒಳಹೊಕ್ಕು ಸೀಟು ಬೇಡ ಎಂದು ಒತ್ತಿಬಿಟ್ಟರೆ ಮುಗಿಯಿತು.

ವೈಫೈ ಆಫ್ ಮಾಡಿಸಿ, ಅವಳ ಕೈ ಎಳೆದುಕೊಂಡು ದಿಬ್ಬ ಹತ್ತಿದೆ. ಕೆಳಗೆ ಲಾಂಚು ಬಂತು, ತುಂಬಿತು, ಹೋಯಿತು. ಮೇಲೆ ಕಡ್ಡಿಯೂ ಬಂತು, ಹೋಯಿತು. ಪಾಸ್‌ವರ್ಡ್ ಬದಲಿಸಲು ಒಟಿಪಿ ಬೇಕು, ಅದು ಬರಲೊಲ್ಲದು. “ಅಕ್ಕ, ಹೋತು ಅಲ್ದಾ?” ಎಂದು ಅಳತೊಡಗಿದಳು. ಬೈಗುಳ ಗಂಟಲವರೆಗೆ ಬಂದಿತ್ತು, ನುಂಗಿಕೊಂಡೆ. ಕೊನೆಗೆ ಫೋನು ಟಿಣ್ ಎಂದಿತು. ಇಮೇಲಿನದ್ದು ಬದಲಿಸಿದಳು, ಸೀಟಿನದ್ದೂ ಬದಲಿಸಿದಳು. ಪುಟ ತೆರೆಯಿತು. ಸೀಟು ಇನ್ನೂ ಅವಳದೇ. ಕೂಡಲೇ ಒಪ್ಪಿಗೆ ಒತ್ತಿದಳು.

ಕೆಳಗಿಳಿದು ನೋಡಿದರೆ ‘ಆಸರಿಗೆ’ ಇಲ್ಲ, ಲಾಂಚಿನ ಜೊತೆಗೇ ಹೋಗಿತ್ತು. ಯಾರದ್ದೋ ಗೊತ್ತಾಗಲಿಲ್ಲ. ಆದರೆ ಹೊರಗಿನವರಿಗೆ ಆ ಹೆಸರು ಹೊಳೆಯುವುದಿಲ್ಲ. ತಂಗಿ ಹೇಳಿದ್ದು ಸರಿಯೇ ಇತ್ತು, ನಮ್ಮವರೇ. ನನಗೆ ಸಿಟ್ಟಿಗಿಂತ ಹೆದರಿಕೆ ಆದದ್ದು ಅದಕ್ಕೆ.

ಮುಂದಿನ ಲಾಂಚಿಗೆ ಕಾದು ಕೂತಿದ್ದ ಅಜ್ಜಿಯೊಬ್ಬರು ಇವಳ ಕೆಂಪು ಕಣ್ಣು ನೋಡಿ ನೀರಿನ ಬಾಟಲಿ ಚಾಚಿದರು.

“ಕೂಸೇ, ಆಸರಿಗೆ ಬೇಕನೇ?”

ತಂಗಿಯ ತುಟಿ ಒಣಗಿತ್ತು. “ಬ್ಯಾಡ” ಎಂದು ನನ್ನ ಪಕ್ಕಕ್ಕೆ ಸರಿದಳು.