ಪಿತೃಪಕ್ಷ ಮುಗಿಯಲೆಂದು ಕಾದ ವಿಮೆ

ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೂರಂತಸ್ತಿನ, ಹನ್ನೆರಡು ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಮನೆ ಮಾಲೀಕರೆಲ್ಲ ಸೇರಿ ಸಂಘ ಕಟ್ಟಿದಾಗ ಕಾರ್ಯದರ್ಶಿ ಹುದ್ದೆ ನನ್ನ ಕೊರಳಿಗೆ ಬಿತ್ತು. ನಾನು ಖಾಸಗಿ ಶಾಲೆಯ ಟೀಚರ್, ಅಕ್ಷರ ದುಂಡಗಿದೆ ಎಂಬುದೇ ನನ್ನ ಅರ್ಹತೆ. ಬೈಯುವಾಗಲೂ ಅಷ್ಟೇ ಸ್ಪಷ್ಟವಾಗಿ ಬೈಯುತ್ತೇನೆ ಎಂಬುದು ಅವರಿಗೆ ಆಮೇಲೆ ತಿಳಿಯಿತು.

ಅಧ್ಯಕ್ಷರು ನೆಲಮಹಡಿಯವರು. ಬಸ್ ಡಿಪೋದಲ್ಲಿ ನೌಕರಿ, ಬೌದ್ಧ ಮನೆತನ, ಮಾತು ಕಡಿಮೆ. ಕಟ್ಟಡಕ್ಕೆ ವಿಮೆ ಮಾಡಿಸಬೇಕೆಂದು ಮೊದಲು ಹೇಳಿದವರು ಅವರೇ. ಮನೆಯೊಳಗಿನ ಸಾಮಾನು ಅವರವರದು; ಆದರೆ ಮೆಟ್ಟಿಲು, ನೀರಿನ ಟ್ಯಾಂಕು, ಮೋಟರು, ಕಾಂಪೌಂಡ್ ಗೋಡೆ ಎಲ್ಲರವು. ಅವುಗಳಿಗೆ ಏನಾದರೂ ಆದರೆ, ಅವುಗಳಿಂದ ಹೊರಗಿನವರಿಗೆ ಏನಾದರೂ ಆದರೆ, ಯಾರು ನೋಡಿಕೊಳ್ಳಬೇಕು? "ಗ್ವಾಡಿಗೂ ಇನ್ಶೂರೆನ್ಸ್ ಅಂದ್ರ ನಾಳೆ ಚಪ್ಪಲಿಗೂ ಮಾಡಸ್ತೀರಿ" ಎಂದು ಎರಡನೇ ಮಹಡಿಯ ಬಟ್ಟೆ ವ್ಯಾಪಾರಿ ನಗಾಡಿದರು. ನಗುತ್ತಲೇ ಒಪ್ಪಿದರು. ವರ್ಷಕ್ಕೊಮ್ಮೆ ಅದನ್ನು ನವೀಕರಿಸುವ ಕೆಲಸ ನನಗೆ ಬಂತು.

ತೆಲಂಗಾಣ ಹೋರಾಟ ಕಾವೇರಿದ್ದ ಆ ವರ್ಷ ನವೀಕರಣದ ಕೊನೆಯ ದಿನ ಪಿತೃಪಕ್ಷದ ಮೂರನೇ ದಿನಕ್ಕೆ ಬಿತ್ತು. ಚೆಕ್ಕು, ಅರ್ಜಿ ಎಲ್ಲ ತಯಾರಿತ್ತು. ವಿಮಾ ಕಚೇರಿ ಹತ್ತು ನಿಮಿಷದ ನಡಿಗೆ. ಅಷ್ಟರಲ್ಲಿ ಕೊಹೀರಿನಿಂದ ಅವ್ವನ ಫೋನು. "ಬೆಂಕಿ, ಬೀಳೂದು, ಸಾವು ಅಂತ ಬರದ ಕಾಗದಕ್ಕ ಪಕ್ಷದಾಗ ಸಹಿ ಮಾಡ್ತಿಯೇನ? ಹಿರೇರ ದಿನ ಅವ. ಅಮಾಸಿ ಕಳೀಲಿ, ಆಮ್ಯಾಲ ಹೋಗು."

ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮಗೆ ಯಾವ ದಿನವೂ ಕೆಟ್ಟದ್ದಲ್ಲ ಎಂದು ಮಕ್ಕಳಿಗೆ ಉಪದೇಶ ಮಾಡುವವಳು ನಾನೇ. ಆದರೂ ಅಂದು ಕೈ ಹಿಂದೆ ಸರಿಯಿತು. ಅವ್ವನ ಮಾತಿಗೆ ಬೆಲೆ ಕೊಟ್ಟೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೇ ಹೆದರಿಕೆಯಾಗಿತ್ತು. ಚೆಕ್ಕನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ. ನಾಲ್ಕೇ ದಿನಕ್ಕೆ ತೆಲಂಗಾಣದ ಮುಷ್ಕರ ಬಿಗಿಯಾಗಿ ಬಸ್ಸು ನಿಂತವು, ಶಾಲೆ ಮುಚ್ಚಿತು, ವಿಮಾ ಕಚೇರಿಯೂ ಬಾಗಿಲೆಳೆಯಿತು.

ನಮ್ಮ ಕಾಂಪೌಂಡ್ ಗೋಡೆಗೆ ಹೊರಗಿನಿಂದ ತಗಡು ಇಳಿಬಿಟ್ಟು ಕಲ್ಹೇರ್ ಕಡೆಯ ಒಬ್ಬ ಹೆಣ್ಣುಮಗಳು ಜೋಳದ ರೊಟ್ಟಿ, ಜುಣಕ ಮಾರುತ್ತಿದ್ದಳು. ಗಂಡನಿಲ್ಲ, ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಪ್ರಯಾಣಿಕರಿಲ್ಲದ ಆ ದಿನಗಳಲ್ಲಿ ನಮ್ಮ ಅಧ್ಯಕ್ಷರೂ ಸೇರಿ ಮುಷ್ಕರದ ಧರಣಿ ಟೆಂಟಿನಲ್ಲಿ ಕೂತವರೇ ಅವಳ ಗಿರಾಕಿಗಳು. ಅಮಾವಾಸ್ಯೆಗೆ ಇನ್ನು ಮೂರು ದಿನ ಇದ್ದಾಗ, ಸತತ ಮಳೆಯ ನಂತರದ ಒಂದು ಮಧ್ಯಾಹ್ನ, ಅವಳು ನೀರು ತರಲು ಹೋದ ಹೊತ್ತಿನಲ್ಲಿ ಗೋಡೆ ಧಡಾರನೆ ಬಿತ್ತು. ಜೀವ ಉಳಿಯಿತು. ಒಲೆ, ಹಂಚು, ಹಿಟ್ಟಿನ ಡಬ್ಬಿ, ತಗಡು ಎಲ್ಲ ಇಟ್ಟಿಗೆಯ ಕೆಳಗೆ ಸೇರಿದವು.

ಸಂಜೆ ತಾರಸಿಯ ಮೇಲೆ ಸಂಘದ ಸಭೆ. ಅವಳನ್ನೂ ಕರೆಸಿದ್ದರು. ಸೊಟ್ಟಗಾದ ಹಂಚು ಹಿಡಿದುಕೊಂಡು ಬಾಗಿಲ ಹತ್ತಿರವೇ ನಿಂತಳು. ಬಟ್ಟೆ ವ್ಯಾಪಾರಿ ಶುರು ಮಾಡಿದರು. "ಆಕಿ ತಗಡಿನ ಹಗ್ಗ ಜಗ್ಗಿ ಜಗ್ಗಿ ಗ್ವಾಡಿ ಬಿದ್ದದ. ಮೊದಲ ಆಕಿನ್ನ ಅಲ್ಲಿಂದ ಎಬ್ಬಸ್ರಿ. ಟೀಚರ್, ಹಂಗೇ ಬರಕೋರಿ."

ನಾಲ್ಕಾರು ತಲೆ ಅಲ್ಲಾಡಿದವು. ಎಲ್ಲರೂ ನನ್ನ ಪೆನ್ನಿನ ಕಡೆ ನೋಡಿದರು. ಆ ಒಂದು ಸಾಲು ಬರೆದರೆ ತಪ್ಪು ಅವಳದಾಗುತ್ತಿತ್ತು, ವಿಮೆಯ ಮಾತೇ ಏಳುತ್ತಿರಲಿಲ್ಲ, ನನ್ನ ಚೆಕ್ಕು ಸೀರೆಗಳ ಕೆಳಗೇ ಇರುತ್ತಿತ್ತು. ಅವಳ ಜಾಗ ಮಾತ್ರ ಹೋಗುತ್ತಿತ್ತು. ಪೆನ್ನಿನ ಮುಚ್ಚಳ ತೆಗೆದದ್ದೂ ನಿಜ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆಮೇಲೆ ಅವಳನ್ನು ನೋಡಿದೆ. ಅವಳು ವಾದ ಮಾಡುತ್ತಿರಲಿಲ್ಲ. ಹಂಚಿನ ಸೊಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೆಟ್ಟಗೆ ಮಾಡಲು ನೋಡುತ್ತಿದ್ದಳು.

"ಹಗ್ಗದಿಂದ ಬಿದ್ದಿಲ್ರಿ" ಎಂದೆ. "ಒಳಗಿನ ಮೋರಿ ಕಟ್ಟಿ ಗ್ವಾಡಿ ಬುಡಕ್ಕ ನೀರು ನಿಂತಿತ್ತು, ಎಲ್ಲಾರೂ ನೋಡೀವಿ. ಇನ್ನೊಂದು ಹೇಳ್ತೀನಿ. ವಿಮಾ ಕಟ್ಟಿಲ್ಲ. ಮುಷ್ಕರಕ್ಕ ಆಫೀಸ್ ಮುಚ್ಚಿತ್ತು ಅಂತ ಹೇಳಬಹುದು, ಖರೇ ಅಲ್ಲ. ಅದು ತೆರೆದಿದ್ದಾಗ ಪಕ್ಷ ಅಂತ ನಾ ಹೋಗ್ಲಿಲ್ಲ."

ಬಟ್ಟೆ ವ್ಯಾಪಾರಿ ಸಿಟ್ಟಿನಿಂದ ಎದ್ದು ನಿಂತರು. "ಓದಿದವರೇ ಹಿಂಗ ಮಾಡಿದ್ರ ಹ್ಯಾಂಗ್ರಿ?"

ಅಧ್ಯಕ್ಷರು ನಿಧಾನವಾಗಿ ಬಾಯಿ ತೆರೆದರು. "ಕೊನೆ ದಿನದ ಚೀಟಿ ತಿಂಗಳಿಂದ ಮೆಟ್ಟಿಲ ಕೆಳಗ ಅಂಟಿತ್ತು. ಹನ್ನೆರಡ್ ಮನಿ ಒಳಗ ಒಬ್ಬರರೆ ಟೀಚರ್‌ಗೆ ನೆನಪ ಮಾಡಿದ್ರೇನು? ನಿಮಗ ಪಕ್ಷ ಇತ್ತು, ಬಾಯಿ ಮುಚ್ಚಿದ್ರಿ. ನಮ್ಮ ಮನ್ಯಾಗ ಪಕ್ಷ ಇಲ್ಲ, ನಾನರೆ ಕೇಳಬೇಕಿತ್ತು. ಟೆಂಟಿನ ಗದ್ದಲದಾಗ ಮರ್ತೆ. ಎಲ್ಲಾರ ಗ್ವಾಡಿ, ಎಲ್ಲಾರ ತಪ್ಪು."

ಬಟ್ಟೆ ವ್ಯಾಪಾರಿ ಕುಳಿತರು. ನೆಲ ನೋಡುತ್ತ, "ನಮ್ಮಾಕಿನೂ ಆ ಚೀಟಿ ನೋಡಿ ಈಗ ಬ್ಯಾಡ ಅಂದಿದ್ಲು" ಎಂದರು. ಯಾರೋ ನಕ್ಕರು. ಆ ನಗು ನನಗೆ ಎಷ್ಟು ಹಿತವಾಯಿತೆಂದರೆ ಅಳುವೇ ಬಂತು.

ಮಾರನೇ ದಿನ ಅಧ್ಯಕ್ಷರು ಗೋಡೆ ಕಟ್ಟಲು ಟೆಂಟಿನಿಂದ ಜನ ಕರೆತಂದರು. ಮುಷ್ಕರದಿಂದ ಊರಿನಲ್ಲಿ ಇಲ್ಲದಿದ್ದದ್ದು ಬಸ್ಸು ಮಾತ್ರ, ಕೈಗಳಿಗೇನೂ ಬರವಿರಲಿಲ್ಲ. ಇಬ್ಬರು ಗೌಂಡಿಗಳು ದಾರ ಹಿಡಿದರೆ, ಕಂಡಕ್ಟರುಗಳು ಇಟ್ಟಿಗೆ ಕೆರೆದು ಕೊಟ್ಟರು. ತಾಂಡೂರಿನ ಲೆಕ್ಚರರೊಬ್ಬರು ಸಿಮೆಂಟು ಕಲಸಲು ಹೋಗಿ ಪ್ಯಾಂಟು ಕೆಡಿಸಿಕೊಂಡು ಎಲ್ಲರಿಂದ ಗೇಲಿಗೊಳಗಾದರು. ಮೋರಿಯನ್ನು ಬಟ್ಟೆ ವ್ಯಾಪಾರಿಯೇ ನಿಂತು ಬಿಡಿಸಿದರು. ಅವಳು ನನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿದಳು. ನನ್ನ ಹಂಚು ತೆಳ್ಳಗೆಂದು ಮೂರು ದಿನವೂ ಬೈದಳು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.

ಕಚೇರಿ ತೆರೆದ ದಿನವೇ ಓಡಿದೆ. ಅವಧಿ ಮೀರಿದ್ದರಿಂದ ಹೊಸದಾಗಿ ಅರ್ಜಿ ಕೊಡಬೇಕು, ಅವರು ಬಂದು ಕಟ್ಟಡ ನೋಡಬೇಕು ಎಂದರು. ಅರ್ಜಿಯನ್ನು ಮನೆಗೆ ತಂದು ತುಂಬಲು ಕೂತೆ. ಗಲಭೆ, ಮುಷ್ಕರದಿಂದಾಗುವ ಹಾನಿಗೂ ರಕ್ಷಣೆ ಬೇಕೆ ಎಂದು ಒಂದು ಕಡೆ ಕೇಳಿತ್ತು. ನಮ್ಮ ಗೋಡೆ ಎಬ್ಬಿಸಿದ್ದೇ ಮುಷ್ಕರ ಎಂದು ಬರೆಯಲು ಜಾಗವಿರಲಿಲ್ಲ. ಕೆಳಗೆ ಇನ್ನೊಂದು ಪ್ರಶ್ನೆ: ಗೋಡೆಗೆ ಹೊಂದಿಕೊಂಡು ಬೇರೆಯವರ ವ್ಯಾಪಾರವೇನಾದರೂ ಇದೆಯೆ? ಇಲ್ಲವೆಂದರೆ ಸುಲಭ. 'ಇದೆ, ರೊಟ್ಟಿ ಅಂಗಡಿ, ಸಂಘದ ಒಪ್ಪಿಗೆಯಿಂದ' ಎಂದು ಬರೆದೆ.

ಕಚೇರಿಗೆ ಹೋಗುವ ದಾರಿಯಲ್ಲಿ ಅವಳಿಗೆ ಅದನ್ನು ಓದಿ ಹೇಳಿದೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು.

"ಹಂಗಂದ್ರ ನನ್ನ ಇನ್ ಯಾರೂ ಎಬ್ಬಸಾಂಗಿಲ್ಲೇನ್ರಿ, ಟೀಚರ್?"

ಆ ಒಪ್ಪಿಗೆಗಾಗಿ ನಾನು ಸಭೆ ಕರೆದಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. "ಇಲ್ಲವ್ವ, ಯಾರೂ ಎಬ್ಬಸಾಂಗಿಲ್ಲ" ಎಂದೆ.